ಮೊದಲು ರೇಲಿಂಗ್, ಆಮೇಲೆ ಬಣ್ಣ

ನಮ್ಮ ಕಡೆ ಕಟ್ಟಡದ ವರ್ಷ ದೀಪಾವಳಿಗೆ ಶುರುವಾಗುತ್ತದೆ. ಮಳೆ ಹೊರಟು, ಗದ್ದೆ ಕೊಯ್ಲಾಗಿ, ಚಿರೆಕಲ್ಲಿನ ಲಾರಿ ಒಳದಾರಿಯಲ್ಲಿ ಹೂತುಕೊಳ್ಳದೆ ಬರುವಂತಾದ ಮೇಲೆ ಪಾಯ ತೋಡುತ್ತಾರೆ. ಮೇ ಕೊನೆಯೊಳಗೆ ಸ್ಲ್ಯಾಬ್ ಬಿದ್ದು ಹೊರಗಿನ ಗಿಲಾವೂ ಮುಗಿದಿದ್ದರೆ ಅದು ಒಳ್ಳೆಯ ವರ್ಷ. ಇಲ್ಲದಿದ್ದರೆ ಗೋಡೆಗೆ ತಾಡಪಾಲು ಕಟ್ಟಿ ಮುಂದಿನ ದೀಪಾವಳಿಗೆ ಕಾಯುವುದು. ಬಾಗಲಕೋಟೆ, ಗದಗದ ಕಡೆಯಿಂದ ಬಂದ ಗವಂಡಿಗಳಲ್ಲಿ ಎಷ್ಟೋ ಜನ ಬಿತ್ತನೆಗೆಂದು ಅಷ್ಟರಲ್ಲಿ ಊರಿನ ಬಸ್ಸು ಹತ್ತಿರುತ್ತಾರೆ.

ಕಾಲೇಜಿನ ವರ್ಷ ಶುರುವಾಗುವುದು ಆ ಮಳೆಯ ಜೊತೆಗೇ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಅದೇ ತಿಂಗಳುಗಳಲ್ಲಿ ಮಕ್ಕಳು ಟ್ರಂಕು, ಹಾಸಿಗೆ ಸುರುಳಿ, ಬಕೆಟ್ಟು ಹಿಡಿದುಕೊಂಡು ಹಾಸ್ಟೆಲ್ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕಟ್ಟಡ ಮೇ ಒಳಗೆ ಮುಗಿಯದೇ ಹೋದರೆ ಎರಡೇ ದಾರಿ. ಒಂದು ವರ್ಷ ಬಾಗಿಲು ಮುಚ್ಚಿಡಬೇಕು, ಇಲ್ಲವೆ ಆದಷ್ಟರಲ್ಲೇ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಬೇಕು. ಬಾಗಿಲು ಮುಚ್ಚಿಟ್ಟವರನ್ನು ನಾನಂತೂ ನೋಡಿಲ್ಲ.

ನಾನು ಶಿರಸಿಯಲ್ಲಿ ಮನೆಗಳ ನಕ್ಷೆ ಮಾಡಿಕೊಡುವವನು. ಬಹಳ ವರ್ಷಗಳಿಂದ ಇದೇ ಕೆಲಸ. ಅರ್ಧ ಕಟ್ಟಿದ ಕಟ್ಟಡವನ್ನು ನೋಡಿದರೆ ಗಾಬರಿಯಾಗುವ ಮನುಷ್ಯನಲ್ಲ, ನನ್ನ ಹಗಲೆಲ್ಲ ಕಳೆಯುವುದೇ ಅಂಥಲ್ಲಿ. ಆದರೆ ಅಲ್ಲಿ ಕೆಲಸ ಮಾಡುವುದು ಬೇರೆ, ಅಲ್ಲಿ ಮಲಗಿ ಏಳುವುದು ಬೇರೆ ಎಂಬುದು ನನ್ನ ಅಕ್ಕನ ಮಗಳು ಕಾರವಾರದ ಒಂದು ಹಾಸ್ಟೆಲ್ ಸೇರಿದ ಮಳೆಗಾಲದಲ್ಲಿ ನನಗೆ ಮನಸ್ಸಿಗೆ ತಟ್ಟಿತು. ಆ ಹಾಸ್ಟೆಲ್ ಯಾವುದು, ನಡೆಸುವವರು ಯಾರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಂಥದ್ದು ಅಲ್ಲೊಂದೇ ಕಡೆ ಆದದ್ದಲ್ಲ, ಮತ್ತು ಅವಳಿನ್ನೂ ಅಲ್ಲೇ ಓದುತ್ತಿದ್ದಾಳೆ.

ಅಕ್ಕನ ಮನೆ ಯಲ್ಲಾಪುರದಿಂದ ಒಳಗೆ, ಕಾಡಿನ ಅಂಚಿನ ಹಳ್ಳಿ. ಅಲ್ಲಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬಂದು, ಬಸ್ಸು ಬದಲಿಸಿ ಕಾರವಾರ ಮುಟ್ಟುವುದರೊಳಗೆ ಅರ್ಧ ದಿನ ಹೋಗುತ್ತದೆ. ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ಕಾಡು. ಜೋಯಿಡಾದ ಮೂಲೆಯ ಹುಡುಗಿಗಾಗಲಿ, ಸಿದ್ದಾಪುರದ ಒಳಹಳ್ಳಿಯ ಹುಡುಗನಿಗಾಗಲಿ ಪಿಯುಸಿ ಆದ ಮೇಲೆ ಓದು ಮುಂದುವರಿಯುತ್ತದೋ ಇಲ್ಲವೋ ಎನ್ನುವುದು ಅಂಕದ ಮೇಲೆ ಎಷ್ಟು ನಿಂತಿದೆಯೋ ಮಲಗುವ ಜಾಗದ ಮೇಲೂ ಅಷ್ಟೇ ನಿಂತಿದೆ. ನಮ್ಮ ಹಿಂದಿನವರು ನೆಂಟರ ಮನೆಯ ಜಗಲಿಯಲ್ಲಿ ಮಲಗಿ ಓದಿದರು. ವಾರಾನ್ನ ಉಂಡು, ಇವತ್ತು ಈ ಮನೆ, ನಾಳೆ ಆ ಮನೆ ಎಂದು ಓದಿದವರೂ ಇದ್ದರು. ಹೆಣ್ಣುಮಕ್ಕಳಿಗೆ ಆ ದಾರಿಯೂ ಇರಲಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂದ ಮೇಲೆ ಕರಾವಳಿಯ ಬಡ ಮನೆಗಳಿಗೆ ಕಾಲೇಜು ಅನ್ನುವುದು ಹತ್ತಿರವಾಯಿತು. ಈಗ ಕಾಲೇಜುಗಳು ಸಾಕಷ್ಟಿವೆ, ಕಾರವಾರಕ್ಕೆ 2013ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಕೋಣೆಗಳು ಮಾತ್ರ ಆ ವೇಗದಲ್ಲಿ ಬೆಳೆಯಲಿಲ್ಲ. ಒಂದು ಬದಿಗೆ ಸಮುದ್ರ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಾಳಿ ನದಿ, ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ. ಕಾರವಾರ ಪೇಟೆ ಅಗಲವಾಗಲು ಜಾಗವೇ ಕಡಿಮೆ. ನೌಕಾನೆಲೆಯ ಕೆಲಸಕ್ಕೆ, ಕೈಗಾದ ಅಣು ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದವರೂ ಅದೇ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ. ಹಳ್ಳಿಯಿಂದ ಬಂದ ವಿದ್ಯಾರ್ಥಿ ಆ ಬಾಡಿಗೆಗೆ ಸರಿಗಟ್ಟಲಾರ.

ಆದ್ದರಿಂದ ಅರ್ಧ ಮುಗಿದ ಹಾಸ್ಟೆಲಿಗೆ ಮಕ್ಕಳನ್ನು ಬಿಟ್ಟುಕೊಂಡರು ಎಂದ ಮಾತ್ರಕ್ಕೆ ಸಿಟ್ಟಾಗಲು ನನ್ನಿಂದ ಆಗುವುದಿಲ್ಲ. ಆ ಕಟ್ಟಡ ಆ ವರ್ಷ ಬಾಗಿಲು ತೆರೆಯದಿದ್ದರೆ ನಮ್ಮ ಹುಡುಗಿ ಯಲ್ಲಾಪುರದಲ್ಲೇ ಉಳಿಯುತ್ತಿದ್ದಳು. ಭಾವ ಹೇಳಿದ್ದೂ ಅದನ್ನೇ: "ಗೋಡೆಗೆ ಬಣ್ಣ ಆಗ್ಲಿಲ್ಲ ಅಂತ ಓದು ಬಿಡ್ಸೂಕೆ ಆಗ್ತದ್ಯನೋ?"

ಬಣ್ಣ ಆಗಿರಲಿಲ್ಲವೇ ಎಂದರೆ, ಆಗಿತ್ತು. ರಸ್ತೆಗೆ ಕಾಣುವ ಮುಂಭಾಗಕ್ಕೆ ಎರಡು ಕೋಟು ಬಣ್ಣ ಬಳಿದಿದ್ದರು. ಗೇಟಿಗೆ ಕಮಾನು ಬಂದಿತ್ತು, ಕಮಾನಿಗೆ ಗ್ರಾನೈಟ್ ಕಲ್ಲು ಕೂರಿಸಿ ಹೆಸರು ಕೆತ್ತಿದ್ದರು. ಮುಂದಿನ ಅಂಗಳಕ್ಕೆ ಪೇವರ್ ಹಾಸಿತ್ತು. ಒಳಗೆ ಹೋದರೆ ನೆಲಮಹಡಿ, ಒಂದನೇ ಮಹಡಿಯಲ್ಲಿ ಕೋಣೆಗಳು ತಯಾರಿದ್ದವು; ಎರಡನೇ ಮಹಡಿಯಲ್ಲಿ ಕಿಟಕಿ ಕೂರಿಸುವುದು ನಡೆದಿತ್ತು; ಅದರ ಮೇಲೆ ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಹಲಗೆ-ಕಂಬ, ಇನ್ನೂ ನಿಂತಿತ್ತು. ಮೆಟ್ಟಿಲು ಇತ್ತು, ಮೆಟ್ಟಿಲಿಗೆ ರೇಲಿಂಗ್ ಇರಲಿಲ್ಲ. ಬದಲಿಗೆ ಬಿದಿರಿನ ಗಳವೊಂದನ್ನು ಬೈಂಡಿಂಗ್ ತಂತಿಯಲ್ಲಿ ಬಿಗಿದಿದ್ದರು. ಅದನ್ನು ಹಿಡಿದರೆ ಅದೇ ಅಲುಗಾಡುತ್ತಿತ್ತು.

ಬಿದಿರನ್ನು ಯಾರೂ ಹಿಡಿಯುತ್ತಿರಲಿಲ್ಲ. ಹುಡುಗಿಯರು ಗೋಡೆಗೆ ಒತ್ತಿಕೊಂಡು ಹತ್ತುತ್ತಿದ್ದರು, ಒತ್ತಿಕೊಂಡೇ ಇಳಿಯುತ್ತಿದ್ದರು. ಗೋಡೆಗೆ ಆಗಷ್ಟೇ ಪುಟ್ಟಿ ಹಚ್ಚಿತ್ತು. ಮಳೆಗಾಲದ ಹಸಿಯಲ್ಲಿ ಅದು ಒಣಗಿರಲಿಲ್ಲ. ಹತ್ತುವಾಗ ಬಲಭುಜಕ್ಕೆ, ಇಳಿಯುವಾಗ ಎಡಭುಜಕ್ಕೆ ಬಿಳಿ ಮೆತ್ತುತ್ತಿತ್ತು. ಮನೆಯಲ್ಲಿ ಇಸ್ತ್ರಿ ಮಾಡಿಸಿಕೊಂಡು ಬಂದ ಚೂಡಿದಾರದ ಎರಡೂ ಭುಜ ಬಿಳಿ. ಕ್ಲಾಸಿನಲ್ಲಿ ಯಾರು ಆ ಹಾಸ್ಟೆಲಿನವರು ಎಂದು ಭುಜ ನೋಡಿಯೇ ಹೇಳಬಹುದಿತ್ತಂತೆ. ನಮ್ಮವಳು ಇದನ್ನು ನನಗೆ ಫೋನಿನಲ್ಲಿ ಹೇಳಿದ್ದು ಬಟ್ಟೆಯ ಚಿಂತೆಗೆ, ಒಗೆದರೂ ಕಲೆ ಹೋಗುವುದಿಲ್ಲ ಅಂತ. ನನಗೆ ಕೇಳಿಸಿದ್ದು ಬೇರೆ. ಎಷ್ಟು ಹೆದರಿ ಗೋಡೆ ಹಿಡಿದರೆ ಎರಡು ಭುಜವೂ ಬಿಳಿಯಾದೀತು ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. "ಎಂತ ಆಗುದಿಲ್ಲ ಮಾವ, ಗೋಡೆ ಹಿಡ್ಕಂಡೇ ಹತ್ತೂದು" ಎಂದಳು. ಮಾರನೇ ದಿನ ಹೊರಟೆ.

ನೀರಿನ ಸಂಗತಿ ಹೀಗಿತ್ತು: ಒಂದನೇ ಮಹಡಿಯ ಬಚ್ಚಲುಗಳಿಗೆ ನಲ್ಲಿ ಬಂದಿತ್ತು, ಕೊಳವೆ ಕೆಳಗಿನ ಗುಂಡಿಗೆ ಜೋಡಣೆಯಾಗಿರಲಿಲ್ಲ. ಹಾಗಾಗಿ ಎರಡು ಮಹಡಿಯವರಿಗೂ ನೆಲಮಹಡಿಯ ಒಂದು ಸಾಲು ಬಚ್ಚಲು. ಅದರ ಎದುರಿಗೇ ಗಾರೆ ಕಲಸುವ ಜಾಗ. ಕೆಲಸದವರು ಬೆಳಗ್ಗೆ ಬರುವ ಮೊದಲೇ ಎಲ್ಲರ ಸ್ನಾನ ಮುಗಿಯಬೇಕೆಂದು ಹುಡುಗಿಯರು ನಾಲ್ಕೂವರೆಗೆ ಏಳುತ್ತಿದ್ದರು. ಕೆಲವು ಬಾಗಿಲಿಗೆ ಒಳಚಿಲಕ ಬಂದಿರಲಿಲ್ಲ. ವೇಲನ್ನು ಮೊಳೆಗೆ ಸುತ್ತಿ, ಗೆಳತಿಯನ್ನು ಹೊರಗೆ ನಿಲ್ಲಿಸಿ ಸ್ನಾನ ಮಾಡುತ್ತಿದ್ದರು. ಒಂದು ಚಿಲಕದ ಬೆಲೆ ಎಷ್ಟೆಂದು ನನಗೆ ಗೊತ್ತು, ಅದನ್ನು ಕೂರಿಸಲು ಬಡಗಿಗೆ ಎಷ್ಟು ಹೊತ್ತು ಬೇಕೆಂದೂ ಗೊತ್ತು. ಆ ಬಾಗಿಲುಗಳ ಮುಂದೆ ನಿಂತಾಗ ಬಂದಷ್ಟು ಸಿಟ್ಟು ನನಗೆ ಬೇರೆಲ್ಲಿಯೂ ಬರಲಿಲ್ಲ.

ಕೆಲಸಗಾರರ ಮೇಲೆ ನನಗೆ ಕಿಂಚಿತ್ತೂ ಅನುಮಾನವಿಲ್ಲ, ಅದನ್ನು ಬರೆಯಲೇಬೇಕು. ಅವರೂ ಅಲ್ಲೇ ಹಿಂಭಾಗದಲ್ಲಿ ತಗಡಿನ ಶೆಡ್ಡಿನಲ್ಲಿದ್ದರು, ಅವರಿಗೂ ಸರಿಯಾದ ಬಚ್ಚಲಿರಲಿಲ್ಲ. ಆ ಬಿದಿರು ಕಟ್ಟಿದವನು ಬಾಗಲಕೋಟೆ ಕಡೆಯ ಒಬ್ಬ ಗವಂಡಿ. ಯಾರೂ ಹೇಳದೆ, ತನ್ನ ಮಗಳ ವಯಸ್ಸಿನ ಹುಡುಗಿಯರು ಓಡಾಡುವುದನ್ನು ನೋಡಲಾರದೆ ಕಟ್ಟಿದ್ದ. "ತಂಗೀ, ಆ ಕಡಿ ಕಾಲಿಡಬ್ಯಾಡ್ರಿ, ನಿನ್ನಿನ ಹಲಗಿ ಬಿಚ್ಚೇವಿ" ಎಂದು ದಿನಕ್ಕೆ ಹತ್ತು ಸಲ ಕೂಗಿ ಹೇಳುತ್ತಿದ್ದವನೂ ಅವನೇ. ಇಡೀ ಕಟ್ಟಡದಲ್ಲಿ ಮಕ್ಕಳ ಸುರಕ್ಷತೆಯ ಕೆಲಸವನ್ನು ತನ್ನದೆಂದು ಮಾಡುತ್ತಿದ್ದವನು ಅವನೊಬ್ಬ. ವಾರ್ಡನ್ ಮೇಡಂ ಒಳ್ಳೆಯವರು. ಅವರೂ ಅದೇ ಕಟ್ಟಡದಲ್ಲಿ, ಅಂಥದೇ ಕೋಣೆಯಲ್ಲಿ ಇದ್ದರು. "ಚವತಿ ಒಳಗೆ ಎಲ್ಲ ಮುಗೀತದೆ ಸರ್" ಎಂದರು. ಅವರಿಗೆ ಮೇಲಿನವರು ಹಾಗೆ ಹೇಳಿದ್ದರು. ಚವತಿ ಹೋಗಿ ನವರಾತ್ರಿ ಬಂತು, ನವರಾತ್ರಿ ಹೋಗಿ ದೀಪಾವಳಿ ಬಂತು.

ಅರ್ಧ ಮುಗಿದ ಮನೆಯಲ್ಲಿ ಇರುವುದು ನಮ್ಮ ಜನಕ್ಕೆ ಹೊಸದಲ್ಲ ಎಂದು ಕೆಲವರು ಹೇಳಿದರು. ನಿಜ. ಸಾಲ ಮಾಡಿ ಮನೆ ಕಟ್ಟುವವರು ಬಾಡಿಗೆ ಉಳಿಯಲೆಂದು ಮೇಲಿನ ಮಹಡಿಯ ಗಿಲಾವು ಆಗುವ ಮೊದಲೇ ಹಾಲು ಉಕ್ಕಿಸಿ ಒಳಗೆ ಬರುತ್ತಾರೆ. ನನ್ನ ನಕ್ಷೆಯ ಎಷ್ಟೋ ಮನೆಗಳು ಇವತ್ತಿಗೂ ಚಿರೆಕಲ್ಲು ತೋರಿಸಿಕೊಂಡೇ ನಿಂತಿವೆ, ಒಳಗೆ ಸಂಸಾರ ಸುಖವಾಗಿದೆ. ಆದರೆ ಅಲ್ಲಿ ಒಳಗೆ ಬರೋಣವೆಂದು ತೀರ್ಮಾನಿಸಿದವರೂ ಒಳಗೆ ಇರುವವರೂ ಒಬ್ಬರೇ. ಯಾವ ಸ್ವಿಚ್ಚು ಮುಟ್ಟಬಾರದು, ಯಾವ ಮೂಲೆಯಲ್ಲಿ ಮಗು ಆಡಬಾರದು ಎಂದು ಆ ಮನೆಯವರಿಗೆ ಗೊತ್ತು. ತಡೆಯಲಾಗದಿದ್ದರೆ ಅವರು ನಾಳೆಯೇ ತವರಿಗೆ ಹೋಗಬಹುದು. ಆಷಾಢದಲ್ಲಿ ಗೃಹಪ್ರವೇಶ ಬೇಡವೆಂದು ಅವರೇ ಶ್ರಾವಣಕ್ಕೆ ಮುಂದೂಡಬಹುದು. ಆ ಹಾಸ್ಟೆಲಿಗೆ ಮಕ್ಕಳು ಬಂದದ್ದು ಆಷಾಢದ ನಟ್ಟನಡುವೆ, ಮಾಲೀಕರ ಮನೆಯವರು ಯಾರೂ ಕಾಲಿಡದ ಹೊತ್ತಿನಲ್ಲಿ. ಮುಹೂರ್ತದ ನಂಬಿಕೆ ನನಗೆ ಅಷ್ಟಿಲ್ಲ. ಹೊಸ ಗೋಡೆಯ ಹಸಿ ಆ ತಿಂಗಳು ಆರುವುದಿಲ್ಲ ಎಂಬುದು ಮಾತ್ರ ಲೆಕ್ಕಕ್ಕೆ ಸಿಗುವ ಸಂಗತಿ.

ಇನ್ನೊಂದು ಮಾತನ್ನೂ ಕೇಳಿದೆ. ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳು ಸ್ವಂತ ಕಟ್ಟಡವಿಲ್ಲದೆ ದೇವಸ್ಥಾನದ ಪೌಳಿಯಲ್ಲಿ, ಯಾರದೋ ಮನೆಯ ಮಾಳಿಗೆಯಲ್ಲಿ ಶುರುವಾದವು. ಎಲ್ಲ ತಯಾರಾಗಲಿ ಎಂದು ಕಾಯ್ದಿದ್ದರೆ ಶಿಕ್ಷಣ ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು. ಹಿರಿಯ ಮೇಷ್ಟ್ರೊಬ್ಬರು ಹೇಳಿದ್ದು, ಅವರ ಮೇಲೆ ನನಗೆ ಗೌರವವಿದೆ. ಆದರೆ ಆ ಪೌಳಿ ನೂರು ಮಳೆಗಾಲ ಕಂಡ ಪೌಳಿ. ಅಲ್ಲಿ ಕಡಿಮೆ ಇದ್ದದ್ದು ಬೆಂಚು, ಬೋರ್ಡು, ಮೇಷ್ಟ್ರ ಸಂಬಳ. ಮಾಡು ಗಟ್ಟಿಯಿತ್ತು, ಕಂಬ ಗಟ್ಟಿಯಿತ್ತು. ಮಕ್ಕಳ ತಲೆಯ ಮೇಲೆ ಆಗಷ್ಟೇ ಸುರಿದ ಕಾಂಕ್ರೀಟು ಇರಲಿಲ್ಲ.

ಆ ಕಾಂಕ್ರೀಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ತಂದೆತಾಯಂದಿರಿಗೆ ಕಣ್ಣಿಗೆ ಕಾಣದ ಅಪಾಯ ಅದು. ಸ್ಲ್ಯಾಬ್ ಹಾಕಿದ ದಿನ ಕಾಂಕ್ರೀಟಿಗೆ ತನ್ನ ಭಾರ ಹೊರುವ ಶಕ್ತಿಯೂ ಇರುವುದಿಲ್ಲ. ಅದರ ಪೂರ್ತಿ ಬಲವನ್ನು ಅಳೆಯುವುದು 28 ದಿನಕ್ಕೆ. ತನ್ನನ್ನು ತಾನು ಹೊರುವಷ್ಟು ಬಲ ಬರುವವರೆಗೆ ಭಾರ ಹೊರುವುದು ಕೆಳಗೆ ನಿಲ್ಲಿಸಿದ ಕಂಬಗಳು, ನಾವು ಪ್ರಾಪ್ ಎನ್ನುತ್ತೇವೆ. ಕಾಂಕ್ರೀಟ್ ಕೆಲಸದ ನಿಯಮಾವಳಿಯಾದ ಭಾರತೀಯ ಮಾನಕ 456 ಹೇಳುವ ಪ್ರಕಾರ ಸಾಧಾರಣ ಸಿಮೆಂಟಿನ ಸ್ಲ್ಯಾಬಿಗೆ ಹರವು 4.5 ಮೀಟರ್ ಒಳಗಿದ್ದರೆ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ 14 ದಿನ ಪ್ರಾಪ್ ತೆಗೆಯಬಾರದು. 6 ಮೀಟರಿಗೂ ಉದ್ದದ ತೊಲೆಯಾದರೆ 21 ದಿನ. ಆ ಪ್ರಾಪುಗಳು ನಿಂತಿರುವುದು ಯಾವುದರ ಮೇಲೆ? ಕೆಳಗಿನ ಮಹಡಿಯ ಸ್ಲ್ಯಾಬಿನ ಮೇಲೆ. ಅಂದರೆ ಮೂರನೇ ಮಹಡಿಯ ಹಸಿ ಕಾಂಕ್ರೀಟಿನ ಭಾರವೆಲ್ಲ ಪ್ರಾಪುಗಳ ಮೂಲಕ ಎರಡನೆಯದಕ್ಕೆ ಇಳಿಯುತ್ತದೆ, ಎರಡನೆಯದೇ ಹೊಸತಾಗಿದ್ದರೆ ಅದರ ಕೆಳಗೂ ಪ್ರಾಪ್ ಬೇಕು. ಅದರ ಕೆಳಗೆ ಮಕ್ಕಳ ಮಂಚ ಹಾಕಬೇಕಾದರೆ ಪ್ರಾಪ್ ಎಲ್ಲಿ ನಿಲ್ಲಿಸುತ್ತಾರೆ? ಮಂಚಕ್ಕೆ ಜಾಗವಾಗಲೆಂದು ಪ್ರಾಪ್ ಬೇಗ ತೆಗೆಯುವ ಆಸೆ ಅಲ್ಲಿಂದ ಹುಟ್ಟುತ್ತದೆ. ಮೇಲೆ ಕೆಲಸ, ಕೆಳಗೆ ವಾಸ ಎನ್ನುವುದರ ಮೂಲ ದೋಷ ಇದು: ವಾಸಕ್ಕೆ ಬೇಕಾದ ಜಾಗವೂ ಕಟ್ಟಡವನ್ನು ಹಿಡಿದು ನಿಲ್ಲಿಸಲು ಬೇಕಾದ ಜಾಗವೂ ಒಂದೇ ಆಗಿಬಿಡುತ್ತದೆ.

ಧಾರವಾಡದ ಕುಮಾರೇಶ್ವರ ನಗರವನ್ನು ನಮ್ಮ ಕಡೆಯವರು ಯಾರೂ ಮರೆತಿರಲಾರರು. ನಮ್ಮ ಜಿಲ್ಲೆಯ ಅರ್ಧ ಮನೆಗಳಲ್ಲಿ ಧಾರವಾಡದಲ್ಲಿ ಓದಿದವರಿದ್ದಾರೆ. 2019ರ ಮಾರ್ಚ್ 19ರಂದು ಅಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಧ್ಯಾಹ್ನದ ಹೊತ್ತಿಗೆ ಕುಸಿಯಿತು. ಮೇಲೆ ಕೆಲಸ ನಡೆಯುತ್ತಿತ್ತು, ಕೆಳಗೆ ಆಗಲೇ ಅಂಗಡಿಗಳು ತೆರೆದಿದ್ದವು. 19 ಜನ ಸತ್ತರು. ಅವಶೇಷದಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಆ ಹಾಸ್ಟೆಲಿನ ಕಾಂಕ್ರೀಟ್ ಕಳಪೆಯೆಂದು ನಾನು ಹೇಳುತ್ತಿಲ್ಲ. ನನಗೆ ಕಂಡಮಟ್ಟಿಗೆ ಅದು ಚೆನ್ನಾಗಿಯೇ ಇತ್ತು. ಮೇಲೆ ಕಟ್ಟುತ್ತಾ ಕೆಳಗೆ ಜನರನ್ನಿಟ್ಟರೆ ಏನಾಗಬಹುದು ಎಂದು ಗೊತ್ತಿರಲಿಲ್ಲ ಎನ್ನುವ ಮಾತು 2019ರ ನಂತರ ನಮ್ಮ ಭಾಗದಲ್ಲಿ ಯಾರ ಬಾಯಿಂದಲೂ ಬರಬಾರದು, ಅಷ್ಟೇ.

ಕರೆಂಟಿನ ಮಾತು ಚಿಕ್ಕದು, ಆದರೆ ಮಳೆಗಾಲದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು. ಕಟ್ಟಡಕ್ಕೆ ಇದ್ದದ್ದು ಕೆಲಸಕ್ಕೆಂದು ತೆಗೆದುಕೊಂಡ ತಾತ್ಕಾಲಿಕ ಸಂಪರ್ಕ. ಅದರಿಂದಲೇ ಕೋಣೆಗಳಿಗೂ ಲೈನ್ ಎಳೆದಿದ್ದರು. ಗಾರೆ ಯಂತ್ರದ ವಯರೂ ಹುಡುಗಿಯರ ಫೋನಿನ ಚಾರ್ಜರೂ ಒಂದೇ ಬೋರ್ಡಿನಿಂದ. ಹಸಿ ಗೋಡೆ, ಹೊಸ ಗಿಲಾವು, ಜೊತೆಗೆ ಕಾರವಾರದ ಉಪ್ಪು ಗಾಳಿ. ಅಂಥ ಕಡೆ ಮನುಷ್ಯನ ಜೀವ ಉಳಿಸುವುದು ಎರಡೇ ಸಾಮಾನು: ಸರಿಯಾದ ಅರ್ತಿಂಗ್, ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ಲೈನನ್ನು ಕಡಿದುಹಾಕುವ ಬ್ರೇಕರ್. ಎರಡನೆಯದು ಆ ಬೋರ್ಡಿನಲ್ಲಿ ಇರಲಿಲ್ಲ. "ಗೋಡೆ ಜುಮ್ ಅಂತದೆ" ಎಂದು ಒಬ್ಬ ಹುಡುಗಿ ಸಹಜವಾಗಿ ಹೇಳಿದಾಗ ನಾನು ಆ ಸಾಲಿನ ಮೇನ್ ಆಫ್ ಮಾಡಿಸಿ ಬಂದೆ.

ಹಿಂಭಾಗಕ್ಕೆ ಹೋದೆ. ಗುಡ್ಡ ಕಡಿದು ಜಾಗ ಮಾಡಿದ್ದರು, ಕಾರವಾರದಲ್ಲಿ ಬೇರೆ ದಾರಿಯಿಲ್ಲ. ಕಡಿದ ಧರೆ ನೆಟ್ಟಗೆ ನಿಂತಿತ್ತು, ಎರಡಾಳಿಗಿಂತ ಎತ್ತರ. ಮೇಲೆ ಕೆಂಪು ಚಿರೆಮಣ್ಣು, ಕೆಳಗೆ ಬಿಳಿ ಜೇಡಿ, ಎರಡರ ನಡುವಿನಿಂದ ನೀರು ಜಿನುಗುತ್ತಿತ್ತು. ಧರೆಗೂ ಕಟ್ಟಡದ ಹಿಂಗೋಡೆಗೂ ಒಂದು ಲಾರಿ ಹೋಗುವಷ್ಟು ಜಾಗ. ತಡೆಗೋಡೆ ನಕ್ಷೆಯಲ್ಲಿತ್ತು, ನೆಲದಲ್ಲಿ ಅದರ ಪಾಯವೂ ಇರಲಿಲ್ಲ. ತಡೆಗೋಡೆ ಯಾವಾಗಲೂ ಕೊನೆಯ ಬಿಲ್ಲಿಗೆ ಬೀಳುತ್ತದೆ. ಯಾಕೆಂದರೆ ಅದು ಯಾರಿಗೂ ಕಾಣುವುದಿಲ್ಲ, ಉದ್ಘಾಟನೆಗೆ ಬಂದವರು ಹಿಂಭಾಗಕ್ಕೆ ಹೋಗುವುದಿಲ್ಲ. ಕಾರವಾರದ ಹತ್ತಿರದ ಕಡವಾಡದಲ್ಲಿ 2009ರ ಅಕ್ಟೋಬರ್ ಆರಂಭದ ಮಳೆಗೆ ಗುಡ್ಡ ಮನೆಗಳ ಮೇಲೆ ಇಳಿದು ಜನ ಸತ್ತದ್ದು, 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಗಂಗಾವಳಿಗೆ ಜಾರಿದ್ದು ಈ ಜಿಲ್ಲೆಯ ಎಲ್ಲರಿಗೂ ನೆನಪಿರುವ ಸಂಗತಿಗಳು. ಹಿಂಬದಿಯ ಸಾಲಿನ ಕೋಣೆಗಳ ಕಿಟಕಿ ತೆರೆದರೆ ಆ ಧರೆಯೇ ಕಾಣುತ್ತಿತ್ತು. ನಮ್ಮವಳ ಕೋಣೆ ಮುಂದಿನ ಸಾಲಿನಲ್ಲಿತ್ತು ಎಂದು ಒಂದು ಕ್ಷಣ ಸಮಾಧಾನವಾಯಿತು. ಹಿಂದಿನ ಸಾಲಿನಲ್ಲಿದ್ದವರೂ ಯಾರದೋ ಅಕ್ಕನ ಮಕ್ಕಳೇ.

ಕಾನೂನು ಏನು ಹೇಳುತ್ತದೆ ಎಂದು ಭಾವ ಕೇಳಿದ. ಕಟ್ಟಡ ನಕ್ಷೆಯಂತೆ ಮುಗಿದು ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಸಂಸ್ಥೆ ಪ್ರಮಾಣಪತ್ರ (ಜನ ಓಸಿ ಎನ್ನುತ್ತಾರೆ) ಕೊಟ್ಟ ಮೇಲೆ ಒಳಗೆ ಜನ ಇರಬೇಕು. ಇದು ಹಳೆಯ ನಿಯಮ, ಸಣ್ಣ ಊರುಗಳಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಆ ಪ್ರಮಾಣಪತ್ರ ತೋರಿಸಿದ ಮೇಲಷ್ಟೇ ಕರೆಂಟು, ನೀರು, ಒಳಚರಂಡಿಯ ಸಂಪರ್ಕ ಕೊಡಬೇಕು ಎಂದು ನಿರ್ದೇಶನ ಕೊಟ್ಟಿತು. ಕೆಲಸ ನಡೆಯುವಷ್ಟು ದಿನವೂ ಮಂಜೂರಾದ ನಕ್ಷೆಯ ಪ್ರತಿಯನ್ನು ಜಾಗದಲ್ಲೇ ಹಾಕಿರಬೇಕು ಎಂದೂ ಹೇಳಿತು. ಮನೆ ಕಟ್ಟಿಸಲು ನನ್ನಲ್ಲಿಗೆ ಬರುವವರು "ಓಸಿ ಸಿಗ್ತದಾ?" ಎಂದು ಕೇಳತೊಡಗಿದ್ದು ಆಮೇಲೆಯೇ. ಮೂವತ್ತು ನಲವತ್ತರ ಸೈಟಿನ ಬಡವನಿಗೆ ಮೀಟರ್ ಸಿಗದೆ ಅಲೆದಾಡುವಂತಾದಾಗ ನನಗೂ ಬೇಸರವೇ ಆಗಿತ್ತು. ಆದರೆ ನೂರಾರು ಮಕ್ಕಳು ಮಲಗುವ ಕಟ್ಟಡಕ್ಕೆ ಆ ಕಾಗದ ಕೇಳುವುದು ಅತಿಯಲ್ಲ.

ಆ ಸಂಜೆ ಬೇರೆ ಊರುಗಳಿಂದ ಬಂದಿದ್ದ ಕೆಲವು ತಂದೆತಾಯಂದಿರ ಜೊತೆ ಕೂತೆವು. ಒಟ್ಟಾಗಿ ಒಂದು ಅರ್ಜಿ ಬರೆಯೋಣ ಎಂದೆ. ಅರ್ಧ ಜನ ಸಹಿ ಹಾಕಲು ಒಪ್ಪಲಿಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಹೆಸರು ಬರೆದರೆ ಮಗಳ ಮೇಲೆ ಕಣ್ಣಿಡುತ್ತಾರೆ, ಸೀಟು ಹೋದರೆ ಮತ್ತೆಲ್ಲಿ? ನಮ್ಮವಳೂ ಅದನ್ನೇ ಹೇಳಿದಳು: "ಮಾವ, ನೀ ದೊಡ್ಡ ಗಲಾಟೆ ಮಾಡ್ಬೇಡ. ಹಾಸ್ಟೆಲ್ ಮುಚ್ಚಿ ಎಲ್ರನ್ನೂ ಮನೆಗೆ ಕಳ್ಸಿದ್ರೆ ಎಂತ ಮಾಡೂದು?" ಬಿಳಿ ಭುಜದ ಹುಡುಗಿಗೆ ಮೆಟ್ಟಿಲಿಗಿಂತ ಮನೆಗೆ ವಾಪಸ್ ಹೋಗುವ ಭಯ ದೊಡ್ಡದಾಗಿತ್ತು. ಅರ್ಧ ಮುಗಿದ ಕಟ್ಟಡವನ್ನು ತೆರೆಯುವವರಿಗೆ ಈ ಭಯ ಗೊತ್ತಿರುತ್ತದೆ. ಅದರ ಮೇಲೆಯೇ ಅವರ ಧೈರ್ಯ ನಿಂತಿರುತ್ತದೆ. ಬೇಡ ಎನ್ನಲಾರದವರನ್ನು ಒಳಗೆ ಬಿಟ್ಟುಕೊಂಡಾಗ, ಅವರು ಒಪ್ಪಿ ಬಂದರು ಎಂದು ಹೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಹಾಗಾಗಿ ಅರ್ಜಿಯಲ್ಲಿ ಹಾಸ್ಟೆಲ್ ಮುಚ್ಚಿ ಎಂದು ಬರೆಯಲಿಲ್ಲ. ಕೆಲಸದ ಸರತಿ ಬದಲಿಸಿ ಎಂದು ಬರೆದೆವು. ಮೂರನೇ ಮಹಡಿಯ ಕೆಲಸ ಇವತ್ತೇ ನಿಲ್ಲಲಿ, ದೀಪಾವಳಿಯ ನಂತರ ನೋಡೋಣ. ಆ ಆಳುಗಳನ್ನು ಮೆಟ್ಟಿಲಿನ ರೇಲಿಂಗಿಗೆ, ಒಂದನೇ ಮಹಡಿಯ ಬಚ್ಚಲ ಕೊಳವೆಗೆ ಹಚ್ಚಿ. ಬಾಗಿಲುಗಳಿಗೆ ಚಿಲಕ ಈ ವಾರ. ವಾಸದ ಕೋಣೆಗಳ ಕರೆಂಟನ್ನು ಕೆಲಸದ ಲೈನಿನಿಂದ ಬೇರ್ಪಡಿಸಿ, ಸೋರಿಕೆ ಬ್ರೇಕರ್ ಕೂರಿಸಿ, ಅರ್ತಿಂಗನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅಳೆದು ಬರೆದುಕೊಡಲಿ. ತಡೆಗೋಡೆ ಆಗುವವರೆಗೆ ಹಿಂದಿನ ಸಾಲಿನ ಕೋಣೆಗಳಲ್ಲಿ ಯಾರೂ ಮಲಗುವುದು ಬೇಡ, ಆ ಮಕ್ಕಳನ್ನು ಮುಂದಿನ ಕೋಣೆಗಳಿಗೆ ಹಂಚಿ. ಇಕ್ಕಟ್ಟಾದರೆ ಆಗಲಿ. ಬಾಲ್ಕನಿಯ ಕಟ್ಟೆ ಕನಿಷ್ಠ 1 ಮೀಟರ್ ಬರುವವರೆಗೆ ಅಲ್ಲಿಗೆ ಹೋಗುವ ಬಾಗಿಲಿಗೆ ಅಡ್ಡಪಟ್ಟಿ ಬಡಿಯಿರಿ. ಕೆಲಸದವರು ಬರಲು ಹಿಂಬದಿಯಿಂದ ಬೇರೆ ಸಾರವೆ ಮೆಟ್ಟಿಲು ಮಾಡಿಕೊಡಿ, ಅವರಿಗೂ ಒಂದು ಬಚ್ಚಲು ಕೊಡಿ. ಪ್ರತಿಯೊಂದರ ಮುಂದೆ ದಿನಾಂಕ ಬರೆದು ಸಹಿ ಮಾಡಿ ಕೊಡಿ. ಹಬ್ಬದ ಹೆಸರು ಬೇಡ, ತಾರೀಖು ಬೇಕು.

ಎಲ್ಲವೂ ಆಯಿತೆಂದು ಹೇಳಲಾರೆ. ಚಿಲಕ ಎರಡು ದಿನದಲ್ಲಿ ಬಂತು. ಬ್ರೇಕರ್ ಆ ವಾರವೇ ಬಂತು. ರೇಲಿಂಗಿಗೆ ವೆಲ್ಡಿಂಗ್ ಮಾಡುವವನು ಸಿಗಲು ತಡವಾಯಿತು, ಆದರೆ ಚವತಿಗೆ ಮೊದಲು ಕಬ್ಬಿಣದ ಪಟ್ಟಿ ನಿಂತಿತು. ಹಿಂದಿನ ಸಾಲು ಖಾಲಿ ಮಾಡಿಸಿದರು, ಅದಕ್ಕೆ ವಾರ್ಡನ್ ಮೇಡಂ ತಾವೇ ಪಟ್ಟು ಹಿಡಿದರಂತೆ. ಮೂರನೇ ಮಹಡಿಯ ಕೆಲಸ ನಿಲ್ಲಲಿಲ್ಲ, ನಿಧಾನವಾಯಿತು. ತಡೆಗೋಡೆ ಆದದ್ದು ಮಳೆ ಹೊರಟ ಮೇಲೆ. ಆ ನಾಲ್ಕು ತಿಂಗಳು ಏನೂ ಆಗಲಿಲ್ಲ ಎನ್ನುವುದು ಯಾರ ಜಾಣತನವೂ ಅಲ್ಲ, ಆ ವರ್ಷದ ಮಳೆ ಆ ಧರೆಯ ಮೇಲೆ ಕರುಣೆ ತೋರಿತು.

ನನಗೆ ಇದರಲ್ಲಿ ಸ್ಪಷ್ಟವಾಗಿ ಕಂಡದ್ದು ಒಂದು. ಹಣ ಸಾಲದೆಯೋ, ಸಮಯ ಸಾಲದೆಯೋ ಕಟ್ಟಡ ಪೂರ್ತಿಯಾಗದೇ ಹೋಗಬಹುದು. ಇರುವ ಹಣ, ಇರುವ ಸಮಯವನ್ನು ಮೊದಲು ಎಲ್ಲಿಗೆ ಹಾಕಿದರು ಎನ್ನುವುದು ಮಾತ್ರ ಪೂರ್ತಿ ಅವರ ಕೈಯಲ್ಲಿತ್ತು. ಕಮಾನಿನ ಗ್ರಾನೈಟು, ಮುಂಭಾಗದ ಎರಡು ಕೋಟು ಬಣ್ಣ, ಅಂಗಳದ ಪೇವರ್, ಇವಿಷ್ಟರ ಖರ್ಚಿನಲ್ಲಿ ರೇಲಿಂಗ್, ಚಿಲಕ, ಬ್ರೇಕರ್, ಕೊಳವೆ ಜೋಡಣೆ ಎಲ್ಲವೂ ಆಗಿ ತಡೆಗೋಡೆಯ ಪಾಯವೂ ಏಳುತ್ತಿತ್ತು. ನನ್ನ ಕಸುಬಿನ ಲೆಕ್ಕವಿದು, ಬೇಕಾದರೆ ಕೂತು ತೋರಿಸುತ್ತೇನೆ. ಬಣ್ಣವಿಲ್ಲದ, ಕಮಾನಿಲ್ಲದ, ಕಲ್ಲಿನ ಗೋಡೆ ತೋರಿಸಿಕೊಂಡಿರುವ, ಆದರೆ ಮೆಟ್ಟಿಲು, ಬಚ್ಚಲು, ಕರೆಂಟು, ಧರೆ ನಾಲ್ಕೂ ಭದ್ರವಾಗಿರುವ ಹಾಸ್ಟೆಲಿಗೆ ನನ್ನ ಅಕ್ಕನ ಮಗಳನ್ನು ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ, ಸಂತೋಷದಿಂದ. ಹಾಗೆ ತೆರೆದವರ ಮೇಲೆ ನನ್ನ ದೂರಿಲ್ಲ.

ಈಗೀಗ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್‌ನಲ್ಲೇ ಬರುತ್ತಿದೆ. ಕಟ್ಟಡದ ವರ್ಷದಲ್ಲಿ ಆಗ ಇನ್ನೂ ಒಂದೂವರೆ ತಿಂಗಳು ಒಣದಿನಗಳು ಉಳಿದಿರುತ್ತವೆ. ಹೊಸ ಹಾಸ್ಟೆಲ್ ತೆರೆಯುವವರು, ಸರ್ಕಾರದವರಿರಲಿ, ಟ್ರಸ್ಟಿನವರಿರಲಿ, ಖಾಸಗಿಯವರಿರಲಿ, ಏಪ್ರಿಲ್ ಕೊನೆಗೆ ಗೇಟಿನ ಮೇಲೆ ಒಂದು ಹಾಳೆ ಅಂಟಿಸಬೇಕು: ಯಾವ ಮಹಡಿ ಮುಗಿದಿದೆ, ಯಾವುದು ಮುಗಿಯುವುದಿಲ್ಲ, ಮೆಟ್ಟಿಲು, ಬಚ್ಚಲು, ಕರೆಂಟು, ಧರೆ ಯಾವ ಸ್ಥಿತಿಯಲ್ಲಿವೆ, ನೋಡಿ ಸಹಿ ಹಾಕಿದ ಇಂಜಿನಿಯರ್ ಯಾರು. ಅದನ್ನು ಓದಿ ಶುಲ್ಕ ಕಟ್ಟುವುದೋ ಬೇಡವೋ ಎಂದು ಮನೆಯವರು ಯೋಚಿಸಲು ಆಗ ಸಮಯವಿರುತ್ತದೆ, ಬೇರೆ ಕೋಣೆ ಹುಡುಕಲೂ ಸಮಯವಿರುತ್ತದೆ, ಕಟ್ಟುವವರಿಗೆ ಬಿಟ್ಟುಹೋದದ್ದನ್ನು ಮುಗಿಸಲೂ ಸಮಯವಿರುತ್ತದೆ. ಜೂನ್‌ನಲ್ಲಿ ಟ್ರಂಕು ಇಳಿಸಿದ ಮೇಲೆ ಮೂರೂ ಇರುವುದಿಲ್ಲ. ಈ ಏಪ್ರಿಲ್‌ನಲ್ಲಿ ಕಾರವಾರ, ಕುಮಟಾ, ಶಿರಸಿಯಲ್ಲಿ ಮಕ್ಕಳಿಗೆ ಕೋಣೆ ನೋಡಲು ಹೊರಟವರು ಮುಂಭಾಗವನ್ನು ಬಿಟ್ಟು ನೇರವಾಗಿ ಹಿಂಭಾಗಕ್ಕೆ ನಡೆಯಿರಿ, ಧರೆ ನೋಡಿ, ಬಚ್ಚಲ ಬಾಗಿಲು ಒಳಗಿನಿಂದ ಹಾಕಿ ನೋಡಿ. ಏನು ಕೇಳಬೇಕೆಂದು ಗೊತ್ತಾಗದಿದ್ದರೆ ನನಗೆ ಹೇಳಿ ಕಳಿಸಿ. ಶಿರಸಿ ಸುತ್ತಮುತ್ತಲಾದರೆ ನಾನೇ ಬಂದು ನೋಡಿಕೊಡುತ್ತೇನೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.